ಬೂದಿ ಗಾಜಾಗುವ ಬಗೆ: ಪುಣೆಯ ಕಪ್ಪು ಕಲ್ಲಿನ ನೆಲದಲ್ಲಿ ಕುಂಬಾರರ ಪರೀಕ್ಷೆಗಳು

ಒಲೆಯಿಂದ ತೆಗೆದ ಬೂದಿಗೆ ನಮ್ಮ ಮನೆಗಳಲ್ಲಿ ಎಂದೂ ಕೆಲಸದ ಕೊರತೆ ಇರಲಿಲ್ಲ. ಪಾತ್ರೆ ಬೆಳಗಲು ಅದೇ, ಬಿತ್ತನೆ ಬೀಜಕ್ಕೆ ಹುಳ ಹತ್ತದಂತೆ ಬೆರೆಸಲು ಅದೇ, ಬಾಳೆಯ ಬುಡಕ್ಕೆ ಸುರಿಯಲೂ ಅದೇ. ಇವುಗಳ ಜೊತೆಗೆ ಮೂರು ಸಾವಿರ ವರ್ಷಕ್ಕೂ ಹಳೆಯದಾದ ಇನ್ನೊಂದು ಕೆಲಸ ಬೂದಿಗಿದೆ. ಅದನ್ನು ಸೋಸಿ, ಮಣ್ಣು ಮತ್ತು ಕಲ್ಲಿನ ಪುಡಿಯೊಂದಿಗೆ ನೀರಲ್ಲಿ ಕಲಸಿ, ಪಾತ್ರೆಗೆ ಲೇಪಿಸಿ, 1,280 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನ ಬೆಂಕಿಗೆ ಕೊಟ್ಟರೆ ಬೂದಿ ಕರಗಿ ಗಾಜಾಗುತ್ತದೆ. ಜೇನಿನ ಬಣ್ಣ, ಪಾಚಿಯ ಹಸಿರು, ಹಾಲಿನಂಥ ಬಿಳುಪು, ಎಣ್ಣೆ ಸವರಿದಂಥ ಕಪ್ಪು, ಹೀಗೆ ಅಂಗಡಿಯ ಬಣ್ಣದ ಡಬ್ಬಿಯಲ್ಲಿ ಸಿಗದ ಮೆರುಗು ಪಾತ್ರೆಯ ಮೈಗೆ ಬರುತ್ತದೆ. ಇದೇ ಬೂದಿ ಗ್ಲೇಜ್.

ಚೀನಾದ ಶಾಂಗ್ ಅರಸರ ಕಾಲದಲ್ಲಿಯೇ, ಅಂದರೆ ಕ್ರಿಸ್ತಪೂರ್ವ 1500ರ ಹೊತ್ತಿಗೆ, ಅಲ್ಲಿನ ಕುಂಬಾರರ ಭಟ್ಟಿಗಳು ಬೂದಿ ಕರಗುವಷ್ಟು ಬಿಸಿಯಾಗುತ್ತಿದ್ದವು. ಉರಿಯುವ ಸೌದೆಯಿಂದ ಹಾರಿದ ಬೂದಿ ಪಾತ್ರೆಗಳ ಹೆಗಲ ಮೇಲೆ ಕೂತು ಗಾಜಾಯಿತು. ಇದನ್ನು ಕಂಡವರು ಬೂದಿಯನ್ನು ಮಣ್ಣಿನೊಡನೆ ಬೆರೆಸಿ ತಾವೇ ಲೇಪಿಸತೊಡಗಿದರು. ನಮ್ಮ ದೇಶದ ಕುಂಬಾರಿಕೆ ಬೇರೆ ದಾರಿ ಹಿಡಿಯಿತು. ಪುಣೆಯ ಕಸಬಾ ಪೇಠೆಯ ಕುಂಭಾರವಾಡಾದಲ್ಲಾಗಲಿ, ನಮ್ಮ ಊರುಗಳ ಕುಂಬಾರಗೇರಿಗಳಲ್ಲಾಗಲಿ ಮಡಕೆ ಬೇಯುವುದು ಸುಮಾರು 700ರಿಂದ 900 ಡಿಗ್ರಿಯಲ್ಲಿ. ಆ ಶಾಖಕ್ಕೆ ಬೂದಿ ಕರಗುವುದಿಲ್ಲ, ಕರಗುವ ಅಗತ್ಯವೂ ಇಲ್ಲ. ಮಡಕೆಯ ಮೈಯಲ್ಲಿ ಉಳಿಯುವ ಸೂಕ್ಷ್ಮ ರಂಧ್ರಗಳೇ ನೀರನ್ನು ತಂಪಾಗಿಡುತ್ತವೆ.

ಗಟ್ಟಿ ಮೈಯ, ನೀರು ಜಿನುಗದ ಸ್ಟೋನ್‌ವೇರ್ ಪಾತ್ರೆಗಳನ್ನು ಕೈಯಿಂದ ಮಾಡುವ ಸ್ಟುಡಿಯೊ ಕುಂಬಾರಿಕೆ ಭಾರತದಲ್ಲಿ ಬೇರೂರಿದ್ದು ಕಳೆದ ಶತಮಾನದಲ್ಲಿ. ದೆಹಲಿಯಲ್ಲಿ ಗುರುಚರಣ್ ಸಿಂಗ್, 1971ರಲ್ಲಿ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಜ್ ಪಾಟರಿ ಕಟ್ಟಿದ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್, ಶಾಂತಿನಿಕೇತನದಲ್ಲಿ ಕಲಿತು ಮುಂದೆ ಗ್ಲೇಜ್‌ಗಳ ಲೆಕ್ಕಾಚಾರವನ್ನು ‘ಹ್ಯಾಂಡ್‌ಬುಕ್ ಫಾರ್ ಪಾಟರ್ಸ್’ ಎಂಬ ಪುಸ್ತಕವಾಗಿ ಕೊಟ್ಟ ನಿರ್ಮಲಾ ಪಟವರ್ಧನ್, ಇವರೆಲ್ಲ ಆ ದಾರಿ ಮಾಡಿದವರು. ಇಂದು ‘ಕ್ಯುರೇಟರ್ಸ್ ಆಫ್ ಕ್ಲೇ’ಯಂಥ ಸ್ಟುಡಿಯೊಗಳಿರುವ ಪುಣೆಯೂ ಆ ದಾರಿಯಲ್ಲಿದೆ. ಬೂದಿ ಗ್ಲೇಜನ್ನು ಅರಿಯಲು ಪುಣೆ ಒಳ್ಳೆಯ ಜಾಗ. ಕಾರಣ ಅದರ ಕಾಲಡಿಯ ಕಲ್ಲಿನಲ್ಲಿ ಮತ್ತು ಸುತ್ತಲ ಹೊಲಗಳಲ್ಲಿದೆ.

ಕರಗುವುದರ ಲೆಕ್ಕ

ಗ್ಲೇಜ್ ಎಂದರೆ ಪಾತ್ರೆಗೆ ಅಂಟಿಕೊಂಡ ತೆಳುವಾದ ಗಾಜು. ಗಾಜಾಗುವ ಮೂಲ ಪದಾರ್ಥ ಸಿಲಿಕಾ. ಮರಳು, ಬೆಣಚುಕಲ್ಲು ಅದರದೇ ರೂಪಗಳು. ಒಂಟಿಯಾಗಿ ಅದು ಕರಗಲು 1,700 ಡಿಗ್ರಿ ದಾಟಬೇಕು. ಯಾವ ಕುಂಬಾರನ ಭಟ್ಟಿಯೂ ಅಲ್ಲಿಗೆ ಹೋಗದು. ಸುಣ್ಣದ ಆಕ್ಸೈಡು 2,500 ಡಿಗ್ರಿಗೂ ಜಗ್ಗದು. ಜೇಡಿಮಣ್ಣಿನಲ್ಲಿರುವ ಅಲ್ಯೂಮಿನಾಕ್ಕೆ 2,000 ಡಿಗ್ರಿಯೂ ಸಾಲದು. ಆದರೆ ಈ ಮೂವರನ್ನು ಸರಿಯಾದ ಪ್ರಮಾಣದಲ್ಲಿ ಕೂಡಿಸಿ: ಸಿಲಿಕಾ ಸುಮಾರು 62 ಪಾಲು, ಅಲ್ಯೂಮಿನಾ 15, ಸುಣ್ಣ 23. ಒಬ್ಬೊಬ್ಬರಾಗಿ ಕರಗದವರು ಒಟ್ಟಾಗಿ 1,170 ಡಿಗ್ರಿಯಲ್ಲೇ ಕರಗಿಬಿಡುತ್ತಾರೆ. ಬೂದಿ ಗ್ಲೇಜಿನ ಇಡೀ ವಿದ್ಯೆ ನಿಂತಿರುವುದು ಈ ಒಂದು ವಿಸ್ಮಯದ ಮೇಲೆ.

ಮರದ ಬೂದಿ ಸುಣ್ಣದ ಗಣಿ. ಬೇರು ನೆಲದಿಂದ ಹೀರಿದ ಸುಣ್ಣ, ಪೊಟ್ಯಾಶ್, ಮೆಗ್ನೀಶಿಯಂ, ರಂಜಕ, ಅಷ್ಟಿಷ್ಟು ಕಬ್ಬಿಣ ಮತ್ತು ಸಿಲಿಕಾ ಕಟ್ಟಿಗೆ ಉರಿದ ಮೇಲೂ ಉಳಿಯುತ್ತವೆ. ಇವುಗಳಲ್ಲಿ ಸುಣ್ಣ ಮತ್ತು ಪೊಟ್ಯಾಶ್ ಸಿಲಿಕಾವನ್ನು ಕರಗಿಸುವ ಕೆಲಸ ಮಾಡುತ್ತವೆ. ಅಲ್ಯೂಮಿನಾ ಕರಗಿದ ಗಾಜಿಗೆ ಹದ ಕೊಡುತ್ತದೆ. ಅಡುಗೆಯವರು ಒಂದೆಳೆ ಪಾಕ, ಎರಡೆಳೆ ಪಾಕ ಎಂದು ನೋಡುವಂತೆ ಇಲ್ಲೂ ಪಾಕದ ಲೆಕ್ಕವಿದೆ: ಅಲ್ಯೂಮಿನಾ ಕಡಿಮೆಯಾದರೆ ಗ್ಲೇಜ್ ನೀರಾಗಿ ಪಾತ್ರೆಯಿಂದ ಇಳಿದು ಭಟ್ಟಿಯ ಹಲಗೆಗೆ ಅಂಟುತ್ತದೆ, ಹೆಚ್ಚಾದರೆ ಬಿಗಿದು ಒರಟಾಗಿ ನಿಲ್ಲುತ್ತದೆ.

ಬೂದಿಯೆಲ್ಲ ಒಂದೇ ಅಲ್ಲ

ಈ ವಿದ್ಯೆಯ ಕಷ್ಟವೂ ಸೊಬಗೂ ಇರುವುದು ಇಲ್ಲೇ. ಅಂಗಡಿಯಿಂದ ತಂದ, ಫೆಲ್ಡ್‌ಸ್ಪಾರ್ ಎಂಬ ಕಲ್ಲಿನ ಪುಡಿಯ ಚೀಲದ ಮೇಲೆ ಅದರ ರಾಸಾಯನಿಕ ವಿವರ ಬರೆದಿರಬಹುದು. ಬೂದಿಗೆ ಅಂಥ ಚೀಟಿ ಇಲ್ಲ. ಮರ ಯಾವುದು, ಬೆಳೆದ ನೆಲ ಎಂಥದು, ಉರಿದದ್ದು ಕಾಂಡವೋ ತೊಗಟೆಯೋ ಎಲೆಯೋ ಎಂಬುದರ ಮೇಲೆ ಅದರ ಗುಣ ಬದಲಾಗುತ್ತದೆ. ಹಾಗಾಗಿ ಇಂಗ್ಲೆಂಡಿನ ಪುಸ್ತಕದ ಸೂತ್ರ ಪುಣೆಯಲ್ಲಿ ಅದೇ ಬಣ್ಣ ಕೊಡುವುದಿಲ್ಲ. ಪುಣೆಯ ಸೂತ್ರ ಮೈಸೂರಿನಲ್ಲಿ ಕೊಡುವುದಿಲ್ಲ. ಬೂದಿ ಗ್ಲೇಜನ್ನು ಒಂದೂರಿನಿಂದ ಇನ್ನೊಂದೂರಿಗೆ ಎತ್ತಿ ತರಲಾಗದು. ಆಯಾ ನೆಲದಲ್ಲಿ ಪರೀಕ್ಷೆ ಮಾಡಿಯೇ ಪಡೆಯಬೇಕು.

ಪುಣೆಯ ಸುತ್ತ ಸಿಗುವ ಬೂದಿಗಳನ್ನೇ ನೋಡಿ. ಜಾಲಿ, ಮಾವು, ಬೇವು, ಹುಣಸೆಯ ಸೌದೆ ಉರಿದ ಬೂದಿ ಒಂದು ಬಗೆ. ಇದರಲ್ಲಿ ಸುಣ್ಣ ಹೆಚ್ಚು, ಆದ್ದರಿಂದ ಇದು ಕರಗಿಸುವ ಬೂದಿ. ಬಾರಾಮತಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ, ದೌಂಡ್ ತಾಲ್ಲೂಕಿನ ಆಲೆಮನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿದು ಉಳಿಯುವ ಬೂದಿ ಇನ್ನೊಂದು ಬಗೆ. ಕಬ್ಬು ಹುಲ್ಲಿನ ಜಾತಿಯದು, ಹುಲ್ಲುಗಳು ತಮ್ಮ ಮೈಯಲ್ಲಿ ಸಿಲಿಕಾ ತುಂಬಿಕೊಳ್ಳುತ್ತವೆ. ಹೀಗಾಗಿ ಈ ಬೂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಿಲಿಕಾ, ಜೊತೆಗೆ ಕೊಂಚ ಪೊಟ್ಯಾಶ್, ಮತ್ತು ಪೂರ್ತಿ ಉರಿಯದ ಕರಿ. ಮಾವಳ, ಮುಳಶಿ, ಭೋರ್‌ಗಳ ಭತ್ತದ ಹೊಟ್ಟಿನ ಬೂದಿ ಮೂರನೆಯ ಬಗೆ. ಅದು ಹೆಚ್ಚುಕಡಿಮೆ ಶೇ 90ರಷ್ಟು ಸಿಲಿಕಾವೇ. ಜಾಲಿಯ ಬೂದಿಯ ಜಾಗದಲ್ಲಿ ಹೊಟ್ಟಿನ ಬೂದಿ ಹಾಕಿದರೆ ಗ್ಲೇಜ್ ಕರಗದೆ ಸುಣ್ಣ ಬಳಿದ ಗೋಡೆಯ ಹಾಗೆ ನಿಲ್ಲುತ್ತದೆ. ಎರಡನ್ನೂ ಫೆಲ್ಡ್‌ಸ್ಪಾರ್ ಜೊತೆ ಸೇರಿಸಿದರೆ ಜಪಾನಿನ ಕುಂಬಾರರು ಭತ್ತದ ಹೊಟ್ಟಿನ ಬೂದಿಯಿಂದ ಪಡೆಯುವ ‘ನುಕಾ’ ಗ್ಲೇಜಿಗೆ ಹತ್ತಿರದ, ನೀಲಿ ಛಾಯೆಯ ಹಾಲುಬಿಳುಪು ಬರುತ್ತದೆ.

ಒಣ ಕಟ್ಟಿಗೆಯ ತೂಕದಲ್ಲಿ ಬೂದಿಯ ಪಾಲು ಸಾಮಾನ್ಯವಾಗಿ ನೂರಕ್ಕೆ ಒಂದರ ಆಸುಪಾಸು. 10 ಕಿಲೊ ಗ್ಲೇಜ್ ಪುಡಿಗೆ 4 ಕಿಲೊ ಬೂದಿ ಬೇಕೆಂದರೆ ಸುಮಾರು 400 ಕಿಲೊ ಕಟ್ಟಿಗೆ ಉರಿದಿರಬೇಕು. ಆದ್ದರಿಂದ ಅನುಭವಿ ಕುಂಬಾರರು ಬೂದಿಗಾಗಿ ಮರ ಸುಡುವುದಿಲ್ಲ. ಸೌದೆ ಒಲೆಯ ಬೇಕರಿ, ಊಟದ ಖಾನಾವಳಿ, ಬಚ್ಚಲ ಹಂಡೆಯ ಒಲೆ, ಆಲೆಮನೆ ಇವುಗಳೊಂದಿಗೆ ಸ್ನೇಹ ಬೆಳೆಸುತ್ತಾರೆ. ಒಂದೇ ಮೂಲದ ಬೂದಿಯನ್ನು ವರ್ಷಗಟ್ಟಲೆಗೆ ಆಗುವಷ್ಟು ಕೂಡಿಸಿ, ಎಲ್ಲವನ್ನೂ ಒಟ್ಟಿಗೆ ಬೆರೆಸಿ ಇಡುತ್ತಾರೆ. ಪ್ಲಾಸ್ಟಿಕ್ಕೋ ಬಣ್ಣ ಹಚ್ಚಿದ ಹಲಗೆಯೋ ಉರಿದ ಬೂದಿಯನ್ನು ಮುಟ್ಟುವುದೇ ಇಲ್ಲ.

ತೊಳೆಯುವ ತಾಳ್ಮೆ

ತಂದ ಬೂದಿಯನ್ನು ಮೊದಲು ಒರಟು ಜರಡಿಯಲ್ಲಿ ಹಿಡಿದು ಮೊಳೆ, ಕಲ್ಲು, ದಪ್ಪ ಇದ್ದಿಲು ತೆಗೆಯುತ್ತಾರೆ. ಆಮೇಲೆ ದೊಡ್ಡ ಬಕೆಟ್ಟಿನಲ್ಲಿ ನೀರು ಹೊಯ್ದು ಕಲಕುತ್ತಾರೆ. ಇದ್ದಿಲ ಚೂರು ತೇಲುತ್ತದೆ, ಅದನ್ನು ತೆಗೆದು ಒಂದು ರಾತ್ರಿ ಬಿಡುತ್ತಾರೆ. ಮೇಲೆ ನಿಲ್ಲುವ ಹಳದಿ ನೀರು ಕ್ಷಾರ. ಸೋಪಿನಂತೆ ಜಾರುತ್ತದೆ, ಬರಿಗೈಯ ಚರ್ಮವನ್ನು ತಿನ್ನುತ್ತದೆ. ರಬ್ಬರ್ ಕೈಗವಸು ಹಾಕದೆ ಈ ಕೆಲಸಕ್ಕೆ ಕೂರಬಾರದು. ಒಣ ಬೂದಿ ಜರಡಿ ಹಿಡಿಯುವಾಗ ಮೂಗಿಗೆ ಒಳ್ಳೆಯ ಮಾಸ್ಕ್ ಬೇಕೇ ಬೇಕು.

ಆ ನೀರನ್ನು ಬಸಿದು ಹೊಸ ನೀರು ಹೊಯ್ದು ಎರಡು ಮೂರು ಬಾರಿ ತೊಳೆದರೆ ಕರಗುವ ಪೊಟ್ಯಾಶ್ ಹೆಚ್ಚಿನಂಶ ಹೋಗಿ ಸುಣ್ಣ ಮುಖ್ಯವಾಗಿ ಉಳಿಯುತ್ತದೆ. ಬಕೆಟ್ಟಿನಲ್ಲಿ ದಿನಗಟ್ಟಲೆ ಇಟ್ಟರೂ ಗುಣ ಬದಲಾಗದ ಗ್ಲೇಜ್ ಇದರಿಂದ ಸಿಗುತ್ತದೆ. ತೊಳೆಯದ ಬೂದಿಯನ್ನೇ ಬಯಸುವವರೂ ಇದ್ದಾರೆ, ಏಕೆಂದರೆ ಅದು ಹೆಚ್ಚು ಕರಗಿ, ಪಾತ್ರೆಯ ಮೈಮೇಲೆ ಮಳೆನೀರು ಇಳಿದಂಥ ಗೆರೆಗಳನ್ನು ಬಿಡುತ್ತದೆ. ಆದರೆ ಅದರ ಕ್ಷಾರ ನೀರಿನೊಂದಿಗೆ ಪಾತ್ರೆಯ ಒಳಮೈಗೆ ಇಳಿಯುತ್ತದೆ, ಅಂಚುಗಳಲ್ಲಿ ಶೇಖರವಾಗುತ್ತದೆ, ವಾರ ಕಳೆದಂತೆ ಬಕೆಟ್ಟಿನ ಹದವೂ ಕೆಡುತ್ತದೆ. ಎರಡರಲ್ಲಿ ಯಾವುದನ್ನು ಆರಿಸಿದರೂ ಅದನ್ನು ಬರೆದಿಡಬೇಕು. ತೊಳೆದದ್ದೂ ತೊಳೆಯದ್ದೂ ಎರಡು ಬೇರೆ ವಸ್ತುಗಳು. ಕಾರ್ಖಾನೆಯ ಕಬ್ಬಿನ ಬೂದಿಯಂಥ ಕರಿ ತುಂಬಿದ ಬೂದಿಯನ್ನು ಮಣ್ಣಿನ ಬೋಗುಣಿಯಲ್ಲಿಟ್ಟು ಗ್ಲೇಜಿಗೆ ಮುಂಚೆ ಪಾತ್ರೆಗಳನ್ನು ಬೇಯಿಸುವ ಸುಮಾರು 900 ಡಿಗ್ರಿಯ ಮೊದಲ ಸುಡುವಿಕೆಯಲ್ಲಿ ಒಮ್ಮೆ ಕಾಯಿಸಿದರೆ ಕರಿ ಉರಿದು ಹೋಗಿ ಶುದ್ಧ ಪುಡಿ ಉಳಿಯುತ್ತದೆ.

ತ್ರಿಕೋನದ ಪಾಠ

ಈಗ ಪರೀಕ್ಷೆ. ಮೊದಲನೆಯದು ತೀರ ಸರಳ: ಚಿಕ್ಕ ಬಟ್ಟಲಲ್ಲಿ ಬರಿಯ ಬೂದಿ ಇಟ್ಟು ಸುಟ್ಟು ನೋಡುವುದು. ಕರಗಿ ಹರಿಯಿತೇ, ಅಂಚಿನಲ್ಲಿ ಮಾತ್ರ ಗಾಜಾಯಿತೇ, ಪುಡಿಯಾಗಿಯೇ ಉಳಿಯಿತೇ? ಬೂದಿ ತನ್ನ ಸ್ವಭಾವವನ್ನು ಮೊದಲು ಇಲ್ಲಿ ತೋರಿಸುತ್ತದೆ.

ಎರಡನೆಯದು ಸಾಲು ಮಿಶ್ರಣ. ಒಂದು ತುದಿಗೆ ಬೂದಿ, ಇನ್ನೊಂದು ತುದಿಗೆ ಮಣ್ಣು. ಹತ್ತು ಹತ್ತು ಪಾಲಿನಂತೆ ಬದಲಿಸುತ್ತ ಹೋದರೆ 11 ಪರೀಕ್ಷಾ ಬಿಲ್ಲೆಗಳು. ಪ್ರಾಚೀನ ಚೀನೀ ಕುಂಬಾರರ ಗ್ಲೇಜ್ ಇಂಥ ಸಾಲಿನ ನಡುವೆಲ್ಲೋ ಇತ್ತು.

ಮೂರನೆಯದು ತ್ರಿಕೋನ ಮಿಶ್ರಣ. ಒಂದು ಮೂಲೆಗೆ ಬೂದಿ, ಒಂದಕ್ಕೆ ಫೆಲ್ಡ್‌ಸ್ಪಾರ್, ಒಂದಕ್ಕೆ ಚೀನಾ ಮಣ್ಣು. ಶೇ 20ರ ಹೆಜ್ಜೆಯಲ್ಲಿ ನಡೆದರೆ 21 ಬಿಂದುಗಳು, ಶೇ 10ರ ಹೆಜ್ಜೆಯಾದರೆ 66. ಪ್ರತಿ ಬಿಂದುವಿಗೂ ತಕ್ಕಡಿ ಹಿಡಿದು ಕೂರುವ ಬದಲು ಕುಂಬಾರರು ಒಂದು ಜಾಣ ಉಪಾಯ ಮಾಡುತ್ತಾರೆ. ಮೂರು ಡಬ್ಬಿಗಳಲ್ಲಿ ತಲಾ 200 ಗ್ರಾಂ ಪುಡಿ ಹಾಕಿ, ನೀರು ಸೇರಿಸಿ ಮೂರನ್ನೂ ಸರಿಯಾಗಿ 500 ಮಿಲಿಲೀಟರಿಗೆ ತರುತ್ತಾರೆ. ಔಷಧಿ ಅಂಗಡಿಯ ಸಿರಿಂಜಿನಲ್ಲಿ 10 ಮಿಲಿ ಎಳೆದರೆ ಅದರಲ್ಲಿ ಯಾವ ಡಬ್ಬಿಯದಾದರೂ 4 ಗ್ರಾಂ ಪುಡಿ ಇರುತ್ತದೆ. ಡಬ್ಬಿಯನ್ನು ಪ್ರತಿ ಸಲ ಚೆನ್ನಾಗಿ ಕಲಕಬೇಕು ಎಂಬುದೊಂದೇ ನಿಯಮ. ಐದು ಸಿರಿಂಜು ಸೇರಿದರೆ ಒಂದು ಬಿಂದು. 21 ಬಟ್ಟಲು, 21 ಬಿಲ್ಲೆ, ಒಂದು ಮಧ್ಯಾಹ್ನದ ಕೆಲಸ.

ಬಿಲ್ಲೆಯ ರೂಪಕ್ಕೂ ಅರ್ಥವಿದೆ. ಮಲಗಿಸಿದ ಬಿಲ್ಲೆಯಲ್ಲಿ ಗ್ಲೇಜ್ ಹರಿಯುವುದು ಕಾಣುವುದಿಲ್ಲ, ಆದ್ದರಿಂದ ಅದು ಪಾತ್ರೆಯ ಗೋಡೆಯಂತೆ ನೆಟ್ಟಗೆ ನಿಲ್ಲಬೇಕು. ಮೈಮೇಲೆ ಒಂದೆರಡು ಗೀರು, ಉಬ್ಬು ಇದ್ದರೆ ಅಲ್ಲಿ ಗ್ಲೇಜ್ ತೆಳುವಾದಾಗ, ತುಂಬಿಕೊಂಡಾಗ ಹೇಗೆ ಕಾಣುತ್ತದೆಂದು ತಿಳಿಯುತ್ತದೆ. ಮೇಲರ್ಧವನ್ನು ಎರಡನೆಯ ಬಾರಿ ಅದ್ದಿದರೆ ಒಂದೇ ಬಿಲ್ಲೆಯಲ್ಲಿ ಎರಡು ದಪ್ಪ. ಹಿಂಬದಿಗೆ ಕಬ್ಬಿಣದ ಆಕ್ಸೈಡಿನಿಂದ ಅಂಕಿ ಬರೆಯುತ್ತಾರೆ, ಅದು ಬೆಂಕಿಯಲ್ಲಿ ಅಳಿಯದ ಶಾಯಿ. ಬೂದಿ ಹೆಚ್ಚಿರುವ ಬಿಲ್ಲೆಗಳ ಕೆಳಗೆ ಮಣ್ಣಿನ ಪುಟ್ಟ ತಟ್ಟೆ ಇಡುತ್ತಾರೆ, ಇಳಿದ ಗಾಜು ಭಟ್ಟಿಯ ಹಲಗೆಯನ್ನು ಹಾಳುಮಾಡಬಾರದಲ್ಲ.

ಸುಟ್ಟು ಹೊರತೆಗೆದ 21 ಬಿಲ್ಲೆಗಳನ್ನು ತ್ರಿಕೋನವಾಗಿಯೇ ಜೋಡಿಸಿ ನೋಡುವ ಗಳಿಗೆ ಈ ವಿದ್ಯೆಯ ದೊಡ್ಡ ಸಂತೋಷ. ಮಣ್ಣಿನ ಮೂಲೆಯಲ್ಲಿ ಕರಗದ ಒಣ ಬಿಳುಪು. ಫೆಲ್ಡ್‌ಸ್ಪಾರ್ ಮೂಲೆಯಲ್ಲಿ ದಪ್ಪ ಹಾಲುಗಾಜು, ಅದರ ತುಂಬ ಕೂದಲೆಳೆಯ ಬಿರುಕು. ಬೂದಿಯ ಮೂಲೆಯಲ್ಲಿ ಹಳದಿ ಹಸಿರಿನ ಹರಿವು. ನಡುವೆ ಎಲ್ಲೋ ಮೂರೂ ಒಪ್ಪಂದಕ್ಕೆ ಬಂದ ಒಂದು ಪ್ರದೇಶ. ಇಂಗ್ಲೆಂಡಿನ ಕುಂಬಾರ ಬರ್ನಾರ್ಡ್ ಲೀಚ್ 1940ರ ‘ಎ ಪಾಟರ್ಸ್ ಬುಕ್’ ಮೂಲಕ ಲೋಕಕ್ಕೆ ಪರಿಚಯಿಸಿದ ಬೂದಿ 40, ಫೆಲ್ಡ್‌ಸ್ಪಾರ್ 40, ಮಣ್ಣು 20 ಎಂಬ ಅಳತೆ ಸಾಮಾನ್ಯವಾಗಿ ಈ ಪ್ರದೇಶದೊಳಗೇ ಬೀಳುತ್ತದೆ. ಸೂತ್ರವನ್ನು ನಂಬುವುದಕ್ಕೂ ಅದು ಎಲ್ಲಿ ನಿಲ್ಲುತ್ತದೆ, ಸುತ್ತ ಏನಿದೆ ಎಂದು ಕಣ್ಣಾರೆ ಕಾಣುವುದಕ್ಕೂ ಬಹಳ ವ್ಯತ್ಯಾಸ. ಮುಂದಿನ ವರ್ಷ ಬೂದಿ ಬದಲಾದಾಗ ಯಾವ ದಿಕ್ಕಿಗೆ ಸರಿಯಬೇಕೆಂದು ತ್ರಿಕೋನ ನೋಡಿದವರಿಗೆ ಗೊತ್ತಿರುತ್ತದೆ.

ಲೀಚ್ ಅವರ ಶಿಷ್ಯೆ ಕ್ಯಾಥರೀನ್ ಪ್ಲೈಡೆಲ್ ಬೂವರಿ ಈ ಬಗೆಯ ತಾಳ್ಮೆಯ ಮಾದರಿ. 1925ರಲ್ಲಿ ಇಂಗ್ಲೆಂಡಿನ ಕೋಲ್ಸ್‌ಹಿಲ್‌ನಲ್ಲಿ ಭಟ್ಟಿ ಕಟ್ಟಿ, ಮುಂದೆ ನೋರಾ ಬ್ರೇಡನ್ ಜೊತೆಗೂಡಿ, ತಮ್ಮ ಸುತ್ತಲಿನ ಒಂದೊಂದೇ ಮರ, ಗಿಡ, ಹುಲ್ಲಿನ ಬೂದಿಯನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ ದಾಖಲಿಸುತ್ತ ಹೋದವರು ಅವರು. ಒಂದು ಸೀಮೆಯ ಸಸ್ಯಗಳು ಬೆಂಕಿಯಲ್ಲಿ ಏನಾಗುತ್ತವೆ ಎಂದು ಹೀಗೆ ಕ್ರಮವಾಗಿ ಬರೆದಿಡುವ ಕೆಲಸ ನಮ್ಮ ಜಾಲಿಗೆ, ಹುಣಸೆಗೆ, ಹೊಂಗೆಗೆ ಇನ್ನೂ ಸಾಕಷ್ಟು ಆಗಬೇಕಿದೆ.

ಕಪ್ಪು ಕಲ್ಲಿನ ಕೊಡುಗೆ

ಪುಣೆ ನಿಂತಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಹೆಪ್ಪುಗಟ್ಟಿದ ಬಸಾಲ್ಟ್ ಮೇಲೆ. ರಾಷ್ಟ್ರಕೂಟರ ಕಾಲದ್ದೆಂದು ಗುರುತಿಸಲಾಗುವ ಪಾತಾಳೇಶ್ವರ ಗುಹಾಲಯವನ್ನು ಕೊರೆದದ್ದೂ ಇದೇ ಕಲ್ಲಿನಲ್ಲಿ. ಒಮ್ಮೆ ಕರಗಿದ್ದ ಈ ಕಲ್ಲು ಸ್ಟೋನ್‌ವೇರ್ ಶಾಖದಲ್ಲಿ ಮತ್ತೆ ಕರಗುತ್ತದೆ. ಜಲ್ಲಿ ಕ್ರಷರುಗಳಲ್ಲಿ ಉಳಿಯುವ ನುಣ್ಣನೆಯ ದೂಳನ್ನು ಜರಡಿ ಹಿಡಿದರೆ ಗ್ಲೇಜಿಗೆ ಬೇಕಾದ ವಸ್ತು ಸಿದ್ಧ. ಅದರಲ್ಲಿ ಸಿಲಿಕಾ ಸುಮಾರು ಅರ್ಧ, ಸುಣ್ಣ ಶೇ 10ರಷ್ಟು, ಕಬ್ಬಿಣದ ಆಕ್ಸೈಡು ಶೇ 13ರ ಆಸುಪಾಸು.

ಈ ಕೊನೆಯ ಅಂಕಿಯಿಂದ ಒಂದು ಸುಂದರ ಲೆಕ್ಕ ಹುಟ್ಟುತ್ತದೆ. ಗ್ಲೇಜಿನಲ್ಲಿ ಬಸಾಲ್ಟ್ 10 ಪಾಲು ಇದ್ದರೆ ಕಬ್ಬಿಣ ಶೇ 1.3. ಆಮ್ಲಜನಕ ಕಡಿಮೆಯಿರುವ ಬೆಂಕಿಯಲ್ಲಿ ಅಷ್ಟು ಕಬ್ಬಿಣ ಸೆಲಡಾನ್ ಎಂದು ಹೆಸರಾದ ತಿಳಿಹಸಿರು ಕೊಡುತ್ತದೆ. ಇಲ್ಲಿನ ಕಲ್ಲಿನಲ್ಲಿ ಟೈಟೇನಿಯಂ ಕೂಡ ಇರುವುದರಿಂದ ಆ ಹಸಿರು ಕೊಂಚ ಒಣ ಎಲೆಯ ಕಡೆಗೆ ವಾಲುತ್ತದೆ. ಬಸಾಲ್ಟ್ 60 ಪಾಲಿಗೇರಿದರೆ ಕಬ್ಬಿಣ ಶೇ 8. ಅದು ಟೆನ್ಮೊಕು ಎಂಬ ಕಡುಗಪ್ಪಿನ ಸೀಮೆ. ದಪ್ಪವಿದ್ದಲ್ಲಿ ಕಪ್ಪು, ಅಂಚಿನಲ್ಲಿ ತೆಳುವಾದಲ್ಲಿ ತುಕ್ಕಿನ ಕೆಂಪು. ಎರಡು ಬಣ್ಣಕ್ಕೂ ಮೂಲ ಒಂದೇ ಕಲ್ಲು. ಬದಲಾದದ್ದು ಪಾಲು ಮಾತ್ರ.

ಈ ಕಲ್ಲು ಶಿಥಿಲವಾಗಿ ಆದ ಎರೆಮಣ್ಣಿನದೂ ಇದೇ ಕಥೆ. ಸ್ಟೋನ್‌ವೇರ್ ಪಾತ್ರೆ ಮಾಡಲು ಅದು ಬಾರದು, 1,280 ಡಿಗ್ರಿಯಲ್ಲಿ ಉಬ್ಬಿ ಕುಸಿಯುತ್ತದೆ. ಅದೇ ದೌರ್ಬಲ್ಯ ಗ್ಲೇಜಿನಲ್ಲಿ ಗುಣವಾಗುತ್ತದೆ. ಒಣಗುವಾಗ ಹೊಲದ ಎರೆ ಬಿರಿಯುವಂತೆ ಲೇಪವೂ ಬಿರಿದು ಕಳಚಬಾರದೆಂದು ಮಣ್ಣಿನ ಒಂದು ಭಾಗವನ್ನು ಮೊದಲೇ ಸುಟ್ಟು ಬೆರೆಸುತ್ತಾರೆ.

ಬೆಂಕಿ ಮತ್ತು ಬಳಕೆ

ಸುಡುವಿಕೆಯೂ ಪರೀಕ್ಷೆಯ ಭಾಗ. ಗ್ಯಾಸ್ ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ದಾಟಿದ ಮೇಲೆ ಗಾಳಿ ತಗ್ಗಿಸಿ ಹೊಗೆಗಂಡಿಯನ್ನು ಕಿರಿದು ಮಾಡಿದರೆ ಬೆಂಕಿ ತನಗೆ ಬೇಕಾದ ಆಮ್ಲಜನಕವನ್ನು ಗ್ಲೇಜಿನ ಕಬ್ಬಿಣದಿಂದ ಕಿತ್ತುಕೊಳ್ಳುತ್ತದೆ. ಹಸಿರು ಬರುವುದು ಆಗ. ಗಾಳಿ ಧಾರಾಳವಿದ್ದರೆ ಅದೇ ಗ್ಲೇಜ್ ಜೇನುಹಳದಿ. ಶಾಖ ಎಷ್ಟು ಕೆಲಸ ಮಾಡಿದೆ ಎಂದು ತಿಳಿಯಲು ನೋಡುಗಂಡಿಯ ಎದುರು, ನಿಗದಿತ ಶಾಖಕ್ಕೆ ಬಾಗುವ 8, 9, 10ನೇ ಅಂಕಿಯ ಶಂಕುಗಳನ್ನು ನಿಲ್ಲಿಸುತ್ತಾರೆ. ಜರ್ಮನಿಯ ಹರ್ಮನ್ ಸೇಗರ್ 1886ರಲ್ಲಿ ಕೊಟ್ಟ ಈ ಉಪಾಯ ಇಂದಿಗೂ ಡಿಜಿಟಲ್ ಮೀಟರಿನ ಪಕ್ಕದಲ್ಲೇ ನಿಂತಿದೆ. ತಂಪಾಗಿಸುವುದು ನಿಧಾನವಾದರೆ ಸುಣ್ಣ ಹೆಚ್ಚಿದ ಗ್ಲೇಜಿನಲ್ಲಿ ಸಣ್ಣ ಹರಳು ಬೆಳೆದು ಹೊಳಪು ಮಂದವಾಗುತ್ತದೆ. ಹೀಗಾಗಿ ಮೆಚ್ಚಿದ ಬಿಲ್ಲೆಯನ್ನು ಭಟ್ಟಿಯ ಮೇಲೆ, ನಡುವೆ, ಕೆಳಗೆ, ಮೂರು ಕಡೆ ಇಟ್ಟು ಮತ್ತೆ ಸುಡುತ್ತಾರೆ. ಮೂರರಲ್ಲೂ ನಿಂತದ್ದು ಮಾತ್ರ ಮುಂದೆ ಹೋಗುತ್ತದೆ.

ಕೊನೆಯ ಪರೀಕ್ಷೆ ಅಡುಗೆಮನೆಯದು. ಹುಣಸೆಯ ಸಾರು, ಹುಳಿ ಮಜ್ಜಿಗೆ, ಉಪ್ಪಿನಕಾಯಿ ಉಣ್ಣುವ ನಮ್ಮಲ್ಲಿ ಇದು ಮುಖ್ಯ. ಬಿಲ್ಲೆಯ ಮೇಲೆ ನಿಂಬೆ ಹೋಳನ್ನು ಒಂದು ರಾತ್ರಿ ಇಟ್ಟು ತೊಳೆದಾಗ ಬಣ್ಣವೋ ಹೊಳಪೋ ಮಾಸಿದ್ದರೆ ಆ ಗ್ಲೇಜ್ ಸರಿಯಾಗಿ ಗಾಜಾಗಿಲ್ಲ. ಅದು ಹೂದಾನಿಗೆ ಸರಿ, ಊಟದ ತಟ್ಟೆಗೆ ಸಲ್ಲದು. ಕುದಿನೀರು, ಮಂಜುನೀರುಗಳಲ್ಲಿ ಒಂದರ ಹಿಂದೊಂದು ಅದ್ದಿ ಬಿರುಕು ನೋಡುತ್ತಾರೆ, ಚಮಚದಿಂದ ಗೀರಿ ಗುರುತು ಬೀಳುವುದೇ ಎಂದು ನೋಡುತ್ತಾರೆ. ನೋಡಲು ಅತಿ ಚೆಲುವಾದ ಎಷ್ಟೋ ಬಿಲ್ಲೆಗಳು ಇಲ್ಲಿ ಉಳಿಯುವುದಿಲ್ಲ. ಅವನ್ನು ಕೈಬಿಡುವ ಪ್ರಾಮಾಣಿಕತೆಯೂ ಕುಂಬಾರನ ಕೌಶಲವೇ.

ನಮ್ಮ ನೆಲಕ್ಕೆ

ಬಸಾಲ್ಟ್ ಮಹಾರಾಷ್ಟ್ರದ ಗಡಿಯಲ್ಲಿ ನಿಲ್ಲುವುದಿಲ್ಲ. ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿಯ ಕೆಲಭಾಗಗಳ ಅಡಿಯಲ್ಲೂ ಅದೇ ಲಾವಾ ಇದೆ. ಪುಣೆಯಲ್ಲಿ ಕಂಡುಕೊಂಡದ್ದನ್ನು ಅಲ್ಲಿ ಹತ್ತಿರದ ಆರಂಭವಾಗಿ ಹಿಡಿಯಬಹುದು. ಬೆಂಗಳೂರು, ತುಮಕೂರು, ಕೋಲಾರದ ಕಡೆ ಗ್ರಾನೈಟು ಮತ್ತು ನೈಸ್ ಕಲ್ಲು. ಗ್ರಾನೈಟು ಮುಖ್ಯವಾಗಿ ಫೆಲ್ಡ್‌ಸ್ಪಾರ್ ಮತ್ತು ಬೆಣಚು, ಕಬ್ಬಿಣ ಕಡಿಮೆ. ಅಲ್ಲಿನ ತ್ರಿಕೋನದ ಮೂಲೆಯಲ್ಲಿ ಅಂಗಡಿಯ ಫೆಲ್ಡ್‌ಸ್ಪಾರ್ ಬದಲು ಗ್ರಾನೈಟು ದೂಳನ್ನೇ ಕೂರಿಸಿ ನೋಡಬಹುದು. ಮಲೆನಾಡಿನ ಅಡಿಕೆ ಸಿಪ್ಪೆ, ಕರಾವಳಿಯ ತೆಂಗಿನ ಚಿಪ್ಪು, ಮಂಡ್ಯದ ಆಲೆಮನೆ, ಗಂಗಾವತಿಯ ಭತ್ತದ ಹೊಟ್ಟು, ಒಂದೊಂದಕ್ಕೂ ಅದರದೇ ತ್ರಿಕೋನ ಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೇ ಇದೆ. ಇಂಥ ಕೆಲಸಕ್ಕೆ ನಮ್ಮಲ್ಲಿ ನೆಲೆ ಇಲ್ಲವೆಂದು ಹೇಳುವಂತಿಲ್ಲ.

ಬೇಕಾದದ್ದು ದುಬಾರಿ ಯಂತ್ರವಲ್ಲ. ಜರಡಿ, ತಕ್ಕಡಿ, ಸಿರಿಂಜು, ಬಿಲ್ಲೆ, ಒಂದು ಒಳ್ಳೆಯ ನೋಟ್‌ಬುಕ್ಕು ಇದ್ದರೆ ಸಾಕು; ಭಟ್ಟಿ ಇದ್ದವರ ಬಳಿ ಒಂದು ಹಲಗೆಯಷ್ಟು ಜಾಗ ಕೇಳಿದರಾಯಿತು. ಕುಂಬಾರರಲ್ಲದವರೂ ಈ ಕೆಲಸದಲ್ಲಿ ಕೈಜೋಡಿಸಬಹುದು. ಸೌದೆ ಒಲೆ ಇರುವ ಮನೆಯವರು, ಬೇಕರಿಯವರು, ಆಲೆಮನೆಯವರು ಬೂದಿಯನ್ನು ಬೆರಕೆ ಮಾಡದೆ ಬೇರೆ ಬೇರೆ ಚೀಲದಲ್ಲಿ ಕಟ್ಟಿ, ಮರದ ಹೆಸರು, ಊರು, ತಿಂಗಳು ಬರೆದ ಚೀಟಿ ಹಾಕಿ ಹತ್ತಿರದ ಸ್ಟುಡಿಯೊಗೆ ಕೊಟ್ಟರೆ ಕುಂಬಾರರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಹೆಸರಿಲ್ಲದ ಬೂದಿ ಒಂದು ಸಲ ಚೆಲುವಾದೀತು. ಹೆಸರಿರುವ ಬೂದಿಯನ್ನು ಮತ್ತೆ ಹುಡುಕಬಹುದು, ಮತ್ತೆ ಪರೀಕ್ಷಿಸಬಹುದು, ಇನ್ನೊಬ್ಬರಿಗೆ ಕಲಿಸಬಹುದು.